ಎಂಟನೇ ವಿಧಿಯನ್ನು ತಿದ್ದಿ: ತಿಮಿಂಗಿಲ ಆಯೋಗದ ಪ್ರತಿನಿಧಿಗಳಿಗೆ ಬಹಿರಂಗ ಪತ್ರ

ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳಿಗೆ,

ಮಾನ್ಯರೇ,

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ ವಿಷಯ. 1946ರ ಡಿಸೆಂಬರ್ 2ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾದ ತಿಮಿಂಗಿಲ ಬೇಟೆ ನಿಯಂತ್ರಣ ಒಪ್ಪಂದದ ಎಂಟನೇ ವಿಧಿಯನ್ನು ತಿದ್ದಿ. ಸಂಶೋಧನೆಯ ಹೆಸರಿನಲ್ಲಿ ಎಷ್ಟು ತಿಮಿಂಗಿಲಗಳನ್ನು ಕೊಲ್ಲಬಹುದು ಎಂಬುದನ್ನು ಆಯಾ ದೇಶದ ಮರ್ಜಿಗೇ ಬಿಟ್ಟಿರುವ ಈ ವಿಧಿ ಇವತ್ತಿಗೂ ಇದ್ದ ಹಾಗೇ ಇದೆ. ಜಪಾನ್ ಆಯೋಗ ಬಿಟ್ಟು ಹೋಗಿ ವರ್ಷಗಳಾದವು, ದಕ್ಷಿಣ ಮಹಾಸಾಗರದಲ್ಲಿ ಹಡಗುಗಳು ಗುದ್ದಾಡುವುದೂ ನಿಂತಿತು, ಇನ್ನೇಕೆ ಆ ಹಳೆಯ ಕತೆ ಎಂದು ನಿಮಗೆ ಅನ್ನಿಸಬಹುದು. ಗುದ್ದಾಟಕ್ಕೆ ದಾರಿ ಮಾಡಿಕೊಟ್ಟ ವಾಕ್ಯ ಮಾತ್ರ ಒಪ್ಪಂದದ ಪುಟದಲ್ಲಿ ಹಾಗೆಯೇ ಉಳಿದಿದೆ. ನಾಳೆ ಇನ್ನೊಂದು ದೇಶ ಅದನ್ನೇ ಮುಂದಿಟ್ಟುಕೊಂಡು ಹಡಗು ಹೊರಡಿಸಿದರೆ, ತಡೆಯುವ ಅಧಿಕಾರ ನಿಮ್ಮ ಆಯೋಗಕ್ಕಿಲ್ಲ.

ಆ ಒಂದು ವಾಕ್ಯ ಸಮುದ್ರದಲ್ಲಿ ಏನೆಲ್ಲ ಮಾಡಿಸಿತು ಎಂಬುದನ್ನು ಈ ಪತ್ರ ನಿಮ್ಮ ಮುಂದಿಡುತ್ತದೆ.

ಎಂಟನೇ ವಿಧಿ ಹೇಳುವುದು ಇಷ್ಟು: ಒಪ್ಪಂದದಲ್ಲಿ ಬೇರೆ ಏನೇ ಇರಲಿ, ಯಾವ ಸದಸ್ಯ ಸರ್ಕಾರವಾದರೂ ವೈಜ್ಞಾನಿಕ ಸಂಶೋಧನೆಗಾಗಿ ತಿಮಿಂಗಿಲಗಳನ್ನು ಕೊಲ್ಲಲು ತನ್ನ ಪ್ರಜೆಗಳಿಗೆ ವಿಶೇಷ ಪರವಾನಗಿ ಕೊಡಬಹುದು, ಸಂಖ್ಯೆಯನ್ನೂ ಷರತ್ತುಗಳನ್ನೂ ಆ ಸರ್ಕಾರವೇ ಗೊತ್ತುಮಾಡಬಹುದು. ಹಾಗೆ ಕೊಂದ ತಿಮಿಂಗಿಲವನ್ನು ಸಾಧ್ಯವಾದ ಮಟ್ಟಿಗೆ ಸಂಸ್ಕರಿಸಬೇಕು ಎನ್ನುತ್ತದೆ ಅದರ ಎರಡನೇ ಭಾಗ. ಅದು ಯುದ್ಧ ಮುಗಿದು ಜಗತ್ತು ಹಸಿದಿದ್ದ ಕಾಲ. ಸೋತ ಜಪಾನಿನ ಆಡಳಿತ ನೋಡಿಕೊಳ್ಳುತ್ತಿದ್ದ ಅಮೆರಿಕದ ಜನರಲ್ ಮೆಕಾರ್ಥರ್ ಅವರೇ ಅಂಟಾರ್ಕ್ಟಿಕಾಕ್ಕೆ ಬೇಟೆಯ ಹಡಗು ಕಳಿಸಲು ಜಪಾನೀಯರಿಗೆ ಅನುಮತಿ ಕೊಟ್ಟಿದ್ದರು. ಮುಂದೆ ಒಂದು ತಲೆಮಾರಿನ ಜಪಾನೀ ಮಕ್ಕಳು ಶಾಲೆಯ ಊಟದಲ್ಲಿ ತಿಮಿಂಗಿಲದ ಮಾಂಸ ತಿಂದು ಬೆಳೆದರು. ಕೊಂದ ಪ್ರಾಣಿಯ ಮಾಂಸ ಹಾಳಾಗಬಾರದು ಎಂಬ ಮಾತಿನಲ್ಲಿ ಅಂದು ಯಾರಿಗೂ ತಪ್ಪು ಕಾಣಲಿಲ್ಲ.

ಒಪ್ಪಂದ ಬಂದ ಮೇಲೂ ಬೇಟೆ ತಗ್ಗಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಉದ್ಯಮವಾಗಿ ನಡೆದ ಬೇಟೆಗೆ ಬಲಿಯಾದ ತಿಮಿಂಗಿಲಗಳು ಸುಮಾರು 29 ಲಕ್ಷ. ಅಂಟಾರ್ಕ್ಟಿಕಾದ ನೀಲಿ ತಿಮಿಂಗಿಲ ಎರಡು ಲಕ್ಷಕ್ಕೂ ಮೇಲಿದ್ದದ್ದು ಕೆಲವೇ ನೂರಕ್ಕೆ ಇಳಿಯಿತು. ಕಡೆಗೆ 1982ರಲ್ಲಿ ನಿಮ್ಮ ಆಯೋಗ 25ಕ್ಕೆ 7 ಮತಗಳಂತೆ ವಾಣಿಜ್ಯ ಬೇಟೆಯನ್ನು ನಿಲ್ಲಿಸುವ ತೀರ್ಮಾನ ಕೈಗೊಂಡಿತು. ಪರಿಸರ ಚಳವಳಿಯ ಚರಿತ್ರೆಯಲ್ಲಿ ಅದು ದೊಡ್ಡ ದಿನ. ಆ ದಿನ ಎಂಟನೇ ವಿಧಿಯ ಬಾಗಿಲನ್ನು ಯಾರೂ ಮುಚ್ಚಲಿಲ್ಲ.

ಜಪಾನ್ ಮೊದಲು ಆ ನಿಷೇಧಕ್ಕೆ ಆಕ್ಷೇಪ ಸಲ್ಲಿಸಿತು. ಅಮೆರಿಕ ತನ್ನ ನೀರಿನಲ್ಲಿ ಮೀನುಗಾರಿಕೆಗೆ ಕೊಟ್ಟಿದ್ದ ಅವಕಾಶ ಕಿತ್ತುಕೊಳ್ಳುವ ಒತ್ತಡ ಹಾಕಿದಾಗ ಆಕ್ಷೇಪವನ್ನು ಹಿಂತೆಗೆದುಕೊಂಡಿತು. 1987ರಲ್ಲಿ ಟೋಕಿಯೋದಲ್ಲಿ ತಿಮಿಂಗಿಲ ಸಂಶೋಧನೆಗೆಂದೇ ಒಂದು ಸಂಸ್ಥೆ ಹುಟ್ಟಿತು. ಅದೇ ವರ್ಷದ ದಕ್ಷಿಣ ಗೋಳಾರ್ಧದ ಬೇಸಗೆಯಲ್ಲಿ ಸಂಶೋಧನೆಯ ಪರವಾನಗಿ ಹಿಡಿದ ಹಡಗುಗಳು ಅಂಟಾರ್ಕ್ಟಿಕಾಕ್ಕೆ ಹೊರಟವು. ಆ ಮೊದಲ ಋತುವಿನಲ್ಲಿ ಸತ್ತದ್ದು 273 ಮಿಂಕೆ ತಿಮಿಂಗಿಲಗಳು. ಈ ಮೊದಲ ಕಾರ್ಯಕ್ರಮ ನಡೆದ 18 ವರ್ಷಗಳಲ್ಲಿ ಕೊಂದ ಮಿಂಕೆಗಳ ಲೆಕ್ಕ 6,700 ದಾಟಿತು. ನಿಷೇಧಕ್ಕೆ ಹಿಂದಿನ 31 ವರ್ಷಗಳಲ್ಲಿ ಸಂಶೋಧನೆಗೆಂದು ಇದೇ ದೇಶ ಇಡೀ ಜಗತ್ತಿನ ಸಮುದ್ರಗಳಲ್ಲಿ ಕೊಂದದ್ದು 840 ಎಂದು ಆಸ್ಟ್ರೇಲಿಯಾ ಮುಂದೆ ನ್ಯಾಯಾಲಯದಲ್ಲಿ ಲೆಕ್ಕ ತೋರಿಸಿತು. 2005ರಲ್ಲಿ ಎರಡನೇ ಕಾರ್ಯಕ್ರಮ ಶುರುವಾದಾಗ ಗುರಿ ಇನ್ನೂ ಹಿಗ್ಗಿತು: ವರ್ಷಕ್ಕೆ ಸುಮಾರು 850 ಮಿಂಕೆ, 50 ಫಿನ್, 50 ಹಂಪ್‌ಬ್ಯಾಕ್. ಜಗತ್ತಿನ ಆಕ್ರೋಶಕ್ಕೆ ಮಣಿದು ಹಂಪ್‌ಬ್ಯಾಕ್ ಬೇಟೆಯನ್ನು ಮಾತ್ರ ಕೈಬಿಟ್ಟರು.

ಈ ಸಂಶೋಧನೆ ನಡೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು. ಮುಂದೆ ಓಡುವ ಚಿಕ್ಕ ಬೇಟೆ ಹಡಗುಗಳಾದ ಯೂಶಿನ್ ಮಾರುಗಳ ಮೂತಿಯ ಮೇಲೆ ಹಾರ್ಪೂನ್ ತೋಪು. ಅದು ಹಾರಿಸುವ ಈಟಿಯ ತುದಿಯಲ್ಲಿ ಸ್ಫೋಟಕ. ಮೈಯೊಳಗೆ ಹೊಕ್ಕ ಮೇಲೆ ಸಿಡಿಯುತ್ತದೆ. ಕೆಲವು ತಿಮಿಂಗಿಲಗಳು ತಕ್ಷಣ ಸಾಯುತ್ತವೆ. ಉಳಿದವು ಹಗ್ಗಕ್ಕೆ ಸಿಕ್ಕಿಕೊಂಡೇ ಒದ್ದಾಡುತ್ತವೆ. ಅವುಗಳಿಗೆ ಎರಡನೇ ಈಟಿ, ಇಲ್ಲವೇ ಬಂದೂಕಿನ ಗುಂಡು. ಆಮೇಲೆ ಹೆಣವನ್ನು ಹಡಗಿನ ಪಕ್ಕಕ್ಕೆ ಕಟ್ಟಿಕೊಂಡು ತಾಯಿ ಹಡಗು ನಿಶ್ಶಿನ್ ಮಾರುವಿನ ಹತ್ತಿರ ತರುತ್ತಾರೆ. ಅದು ಸುಮಾರು 130 ಮೀಟರ್ ಉದ್ದದ, 8,000 ಟನ್ನಿನ ಹಡಗು. ಹಿಂಬದಿಯ ಇಳಿಜಾರಿನಿಂದ ಹೆಣವನ್ನು ಮೇಲೆಳೆದು ಉದ್ದ ಅಳೆಯುತ್ತಾರೆ, ಮರಕ್ಕೆ ಇರುವ ಹಾಗೆ ಪದರ ಪದರವಾಗಿ ಬೆಳೆದ ಕಿವಿಯ ಗುಗ್ಗೆಯನ್ನು ವಯಸ್ಸು ತಿಳಿಯಲು ತೆಗೆದಿಡುತ್ತಾರೆ, ಹೊಟ್ಟೆ ಸೀಳಿ ತಿಂದದ್ದೇನೆಂದು ನೋಡುತ್ತಾರೆ, ಅಂಡಾಶಯವನ್ನೂ ಕೊಬ್ಬಿನ ದಪ್ಪವನ್ನೂ ಬರೆದಿಡುತ್ತಾರೆ. ಉಳಿದ ಮಾಂಸವೆಲ್ಲ ತುಂಡಾಗಿ, ಹೆಪ್ಪುಗಟ್ಟಿ, ಪೆಟ್ಟಿಗೆ ಸೇರಿ ಜಪಾನಿನ ಮಾರುಕಟ್ಟೆಗೆ ಹೋಗುತ್ತದೆ. ಹಡಗಿನ ಪಕ್ಕೆಯ ಮೇಲೆ ಸಂಶೋಧನೆ ಎಂಬ ಪದ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಇದೆಲ್ಲ ಕಾನೂನಿಗೆ ವಿರುದ್ಧವೇ ಎಂದು ಕೇಳಿದರೆ 2014ರವರೆಗೆ ಖಚಿತವಾಗಿ ಉತ್ತರ ಹೇಳುವವರೇ ಇರಲಿಲ್ಲ.

ಉತ್ತರವಿಲ್ಲದ ಆ ಜಾಗಕ್ಕೇ ಕಾರ್ಯಕರ್ತರ ದೋಣಿಗಳು ನುಗ್ಗಿದವು.

ತಿಮಿಂಗಿಲಕ್ಕೂ ಹಾರ್ಪೂನಿಗೂ ನಡುವೆ ಚಿಕ್ಕ ದೋಣಿ ತಂದು ನಿಲ್ಲಿಸುವ ದಾರಿಯನ್ನು ಗ್ರೀನ್‌ಪೀಸ್ 1975ರ ಜೂನಿನಲ್ಲೇ ಕ್ಯಾಲಿಫೋರ್ನಿಯಾದ ಎದುರಿನ ಸಮುದ್ರದಲ್ಲಿ ಸೋವಿಯತ್ ಬೇಟೆಗಾರರ ಮುಂದೆ ತೋರಿಸಿತ್ತು. ಅಂದು ಆ ದೋಣಿಗಳಲ್ಲಿದ್ದ ಪಾಲ್ ವಾಟ್ಸನ್ 1977ರಲ್ಲಿ ಗ್ರೀನ್‌ಪೀಸ್ ಬಿಟ್ಟು ಸೀ ಶೆಫರ್ಡ್ ಕಟ್ಟಿದರು. ಎರಡೂ ಸಂಘಟನೆಗಳ ದಾರಿ ಅಲ್ಲಿಂದಲೇ ಬೇರೆಯಾಯಿತು. ಗ್ರೀನ್‌ಪೀಸ್ ಅಡ್ಡ ನಿಲ್ಲುತ್ತಿತ್ತು, ಚಿತ್ರ ತೆಗೆದು ಜಗತ್ತಿಗೆ ತೋರಿಸುತ್ತಿತ್ತು. ಬೇಟೆಯ ಯಂತ್ರವನ್ನೇ ಕೆಡಿಸಬೇಕು ಎಂಬುದು ಸೀ ಶೆಫರ್ಡಿನ ನಿಲುವು. ಕಮಟು ಬೆಣ್ಣೆಯ ನಾತ ಹೊಡೆಯುವ ಬ್ಯೂಟಿರಿಕ್ ಆಮ್ಲದ ಬಾಟಲಿಗಳನ್ನು ಅವರು ಡೆಕ್ಕಿನ ಮೇಲೆ ಎಸೆದರು, ಕಾಲು ಜಾರುವ ಪುಡಿ ಚೆಲ್ಲಿದರು, ಪ್ರೊಪೆಲ್ಲರಿಗೆ ಸಿಕ್ಕಿಕೊಳ್ಳಲೆಂದು ಹಗ್ಗ ಹರಡಿದರು. ನಿಶ್ಶಿನ್ ಮಾರುವಿನ ಹಿಂಬದಿಯ ಇಳಿಜಾರಿಗೆ ತಮ್ಮ ಹಡಗನ್ನು ಅಂಟಿಸಿಕೊಂಡು ಓಡಿಸಿ, ಹೆಣ ಮೇಲೆಳೆಯದಂತೆ ದಿನಗಟ್ಟಲೆ ತಡೆದರು. ಜಪಾನೀಯರು ನೀರಿನ ಫಿರಂಗಿ ಹಾಯಿಸಿದರು, ಕಿವಿ ಕಿವುಡಾಗುವಂಥ ಧ್ವನಿಯಂತ್ರ ಹಚ್ಚಿದರು, ಕಣ್ಣು ಕೋರೈಸಿ ಸಿಡಿಯುವ ಗ್ರೆನೇಡ್ ಎಸೆದರು. ಸೀ ಶೆಫರ್ಡಿನ ಬಾಬ್ ಬಾರ್ಕರ್ ಹಡಗು ಹಿಂದೊಮ್ಮೆ ನಾರ್ವೆಯವರ ತಿಮಿಂಗಿಲ ಬೇಟೆಯ ಹಡಗಾಗಿತ್ತು. ಅದನ್ನು ಕೊಂಡವರು ಬೇಟೆ ತಡೆಯಲು ಅದನ್ನು ಮತ್ತೆ ಅಂಟಾರ್ಕ್ಟಿಕಾಕ್ಕೆ ಒಯ್ದರು.

2010ರ ಜನವರಿ 6. ಸೀ ಶೆಫರ್ಡಿನ ಆಡಿ ಗಿಲ್ ಎಂಬ ಕಪ್ಪು ದೋಣಿ, ಎರಡು ವರ್ಷದ ಹಿಂದೆ ಯಾಂತ್ರಿಕ ದೋಣಿಗಳಲ್ಲಿ ಭೂಮಿ ಸುತ್ತಿದ ದಾಖಲೆ ಮಾಡಿದ ಹಗುರ ದೋಣಿ, ಅಂಟಾರ್ಕ್ಟಿಕಾದ ನೀರಿನಲ್ಲಿ ಹೆಚ್ಚುಕಡಿಮೆ ನಿಂತಿತ್ತು. ಬೇಟೆ ಪಡೆಯ ಕಾವಲಿಗಿದ್ದ ಶೋನಾನ್ ಮಾರು 2 ನೀರು ಹಾಯಿಸುತ್ತ ಹತ್ತಿರ ಬಂದು ಅದರ ಮೂತಿಯನ್ನು ಕತ್ತರಿಸಿಕೊಂಡು ಹೋಯಿತು. ದೋಣಿಯಲ್ಲಿದ್ದ ಆರು ಮಂದಿಯನ್ನು ಬಾಬ್ ಬಾರ್ಕರ್ ಕಾಪಾಡಿತು. ಒಬ್ಬರ ಪಕ್ಕೆಲುಬು ಮುರಿದಿತ್ತು. ದೋಣಿ ಮುಳುಗಿತು. ಜಪಾನ್ ಬೇಕೆಂದೇ ಗುದ್ದಿತು ಎಂದರು ಇವರು, ದೋಣಿಯೇ ಅಡ್ಡ ಬಂತು ಎಂದರು ಅವರು. ನ್ಯೂಜಿಲೆಂಡಿನ ನೌಕಾಯಾನ ಇಲಾಖೆ ತನಿಖೆ ಮಾಡಿ, ಅಪಘಾತ ತಪ್ಪಿಸಲು ಎರಡೂ ಕಪ್ತಾನರು ಮಾಡಬೇಕಾದುದನ್ನು ಮಾಡಲಿಲ್ಲ ಎಂದಿತು. ಮುಂದಿನ ತಿಂಗಳು ಆಡಿ ಗಿಲ್‌ನ ಕಪ್ತಾನ ಪೀಟ್ ಬೆಥೂನ್ ಕತ್ತಲಲ್ಲಿ ಜೆಟ್ ಸ್ಕೀ ಏರಿ ಹೋಗಿ ಅದೇ ಶೋನಾನ್ ಮಾರುವನ್ನು ಹತ್ತಿದರು, ದೋಣಿಗೆ ಪರಿಹಾರ ಕೇಳುವ ಪತ್ರ ಕೈಯಲ್ಲಿ ಹಿಡಿದು. ಅವರನ್ನು ಜಪಾನಿಗೆ ಒಯ್ದು ಬಂಧಿಸಿದರು. ಜುಲೈಯಲ್ಲಿ ಟೋಕಿಯೋ ನ್ಯಾಯಾಲಯ ಎರಡು ವರ್ಷದ ಅಮಾನತು ಶಿಕ್ಷೆ ಕೊಟ್ಟಿತು, ಆಮೇಲೆ ಅವರನ್ನು ಗಡೀಪಾರು ಮಾಡಿದರು.

ಮೂರು ವರ್ಷ ಕಳೆದು, 2013ರ ಫೆಬ್ರವರಿ 20ರಂದು ಇದಕ್ಕಿಂತ ಅಪಾಯದ ದಿನ ಬಂತು. ನಿಶ್ಶಿನ್ ಮಾರು ಸನ್ ಲಾರೆಲ್ ಎಂಬ ತೈಲ ಹಡಗಿನಿಂದ ಇಂಧನ ತುಂಬಿಸಿಕೊಳ್ಳಲು ಹೊರಟಾಗ ಬಾಬ್ ಬಾರ್ಕರ್ ಎರಡರ ನಡುವೆ ನುಗ್ಗಿತು. ಹಿಮದ ನೀರಿನಲ್ಲಿ ಹಡಗುಗಳು ಒಂದಕ್ಕೊಂದು ಉಜ್ಜಿದವು, ಗುದ್ದಿದವು. ಅಲ್ಲಿ ಸೀಳಬಹುದಾಗಿದ್ದದ್ದು ಇಂಧನ ತುಂಬಿದ ಹಡಗು. ಹತ್ತಿರದ ಬಂದರು ಸಾವಿರಾರು ಕಿಲೋಮೀಟರ್ ದೂರ. ಅಂದು ತೈಲ ಚೆಲ್ಲಲಿಲ್ಲ, ಯಾರೂ ಸಾಯಲಿಲ್ಲ. ಅದಕ್ಕೆ ಯಾವ ಕಾನೂನೂ ಕಾರಣವಾಗಿರಲಿಲ್ಲ.

ಕಾರ್ಯಕರ್ತರ ಹೋರಾಟ ಬೇಟೆಯನ್ನು ತಗ್ಗಿಸಿದ್ದು ನಿಜ. 2005-06ರಲ್ಲಿ 853 ಮಿಂಕೆ ಕೊಂದ ಪಡೆ, 2010-11ರಲ್ಲಿ 170 ಮಿಂಕೆ ಮತ್ತು 2 ಫಿನ್ ತಿಮಿಂಗಿಲ ಕೊಂದು ಅರ್ಧಕ್ಕೇ ಹಿಂದಿರುಗಿತು. 2012-13ರಲ್ಲಿ ಸಿಕ್ಕಿದ್ದು 103. ಇದನ್ನು ಕಡೆಗಣಿಸಿ ಬರೆಯುವುದು ಅನ್ಯಾಯ. ಆದರೂ ಅದೇ ಹೋರಾಟ ಬೇಟೆಯನ್ನು ನಿಲ್ಲಿಸಲಿಲ್ಲ; ಜಪಾನಿನೊಳಗೆ ಅದನ್ನು ರಾಷ್ಟ್ರದ ಮಾನದ ಪ್ರಶ್ನೆಯಾಗಿಸಿತು. ಮಾಂಸ ಕೊಳ್ಳುವವರೇ ಕಡಿಮೆಯಾಗುತ್ತಿದ್ದರೂ, ಹೊರಗಿನವರ ಬೆದರಿಕೆಗೆ ಬಗ್ಗುವುದಿಲ್ಲ ಎಂಬ ಮಾತು ರಾಜಕಾರಣಿಗಳ ಬಾಯಲ್ಲಿ ಗಟ್ಟಿಯಾಯಿತು. 2011ರ ಭೂಕಂಪ ಮತ್ತು ಸುನಾಮಿಯ ಪುನರ್ನಿರ್ಮಾಣದ ನಿಧಿಯಿಂದಲೇ 228 ಕೋಟಿ ಯೆನ್ ತಿಮಿಂಗಿಲ ಕಾರ್ಯಕ್ರಮಕ್ಕೆ ಹೋಯಿತು. ಅದರಲ್ಲಿ ಸೀ ಶೆಫರ್ಡಿನ ವಿರುದ್ಧದ ಕಾವಲಿನ ಖರ್ಚೂ ಸೇರಿತ್ತು. ಜಪಾನಿನೊಳಗೆ ಪ್ರಶ್ನೆ ಕೇಳಿದವರ ಪಾಡು ಇನ್ನೂ ಕಷ್ಟದ್ದು. ಬೇಟೆ ಹಡಗಿನ ಸಿಬ್ಬಂದಿ ಮಾಂಸವನ್ನು ಮನೆಗೆ ಸಾಗಿಸುತ್ತಿದ್ದಾರೆ ಎಂದು ತೋರಿಸಲು 2008ರಲ್ಲಿ ಗ್ರೀನ್‌ಪೀಸ್ ಜಪಾನಿನ ಜುನಿಚಿ ಸಾಟೊ ಮತ್ತು ಟೋರು ಸುಜುಕಿ ಸಾಗಣೆ ಗೋದಾಮಿನಿಂದ ಒಂದು ಪೆಟ್ಟಿಗೆ ಎತ್ತಿಕೊಂಡು ಅಧಿಕಾರಿಗಳಿಗೆ ಒಪ್ಪಿಸಿದರು. ಸೆರೆಯಾದವರು ಅವರೇ. 2010ರಲ್ಲಿ ಅವರಿಗೆ ಒಂದು ವರ್ಷದ ಅಮಾನತು ಶಿಕ್ಷೆಯಾಯಿತು. ಅದೇ ವರ್ಷದ ಕೊನೆಯಲ್ಲಿ ತಮ್ಮ ಕೆಲವು ಅಧಿಕಾರಿಗಳು ತಿಮಿಂಗಿಲದ ಮಾಂಸವನ್ನು ಉಡುಗೊರೆಯಾಗಿ ಪಡೆದಿದ್ದರು ಎಂದು ಮೀನುಗಾರಿಕಾ ಇಲಾಖೆ ಒಪ್ಪಿಕೊಂಡು ಕ್ಷಮೆ ಕೇಳಿತು.

ಸಮುದ್ರದಲ್ಲಿ ಗುದ್ದಾಡುತ್ತಿದ್ದಾಗ ದಡದ ಕೋರ್ಟುಗಳೂ ತಲೆಗೊಂದು ಮಾತು ಹೇಳಿದವು. ತನ್ನ ಅಂಟಾರ್ಕ್ಟಿಕ್ ತಿಮಿಂಗಿಲ ಅಭಯಧಾಮದಲ್ಲಿ ಬೇಟೆಯಾಡುವುದು ಕಾನೂನುಬಾಹಿರ ಎಂದು 2008ರ ಜನವರಿಯಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಜಪಾನಿನ ಬೇಟೆ ಕಂಪನಿಗೆ ತಡೆಯಾಜ್ಞೆ ಕೊಟ್ಟಿತು. ಆ ನೀರಿನ ಮೇಲೆ ಆಸ್ಟ್ರೇಲಿಯಾಕ್ಕೆ ಹಕ್ಕಿದೆ ಎಂದು ಜಪಾನ್ ಒಪ್ಪುವುದೇ ಇಲ್ಲ. ಆಜ್ಞೆ ಕಾಗದದಲ್ಲೇ ಉಳಿಯಿತು. 2013ರ ಫೆಬ್ರವರಿಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಸೀ ಶೆಫರ್ಡಿನವರು ಮಾಡುತ್ತಿರುವುದು ಕಡಲ್ಗಳ್ಳತನ ಎಂದು ಬರೆಯಿತು. ಒಂದು ನ್ಯಾಯಾಲಯದ ಕಣ್ಣಿಗೆ ಬೇಟೆಗಾರರು ಅಪರಾಧಿಗಳು, ಇನ್ನೊಂದರ ಕಣ್ಣಿಗೆ ತಡೆಯುವವರು ಅಪರಾಧಿಗಳು. ಮಾನ್ಯರೇ, ಈ ಗೊಂದಲ ಬಿಡಿಸಬೇಕಾಗಿದ್ದವರು ನೀವು.

ಇಲ್ಲಿ ಒಂದು ಘಟನೆಯನ್ನು ನಿಮ್ಮ ಗಮನಕ್ಕೆ ತರಬೇಕು. ಈ ಪತ್ರದ ವಾದವೆಲ್ಲ ಅದರ ಮೇಲೆ ನಿಂತಿದೆ.

2007ರ ಫೆಬ್ರವರಿ 9ರಂದು ಸೀ ಶೆಫರ್ಡಿನ ರಬ್ಬರ್ ದೋಣಿಯೊಂದು ನಿಶ್ಶಿನ್ ಮಾರುವನ್ನು ಬೆನ್ನಟ್ಟುವಾಗ ಜಖಂಗೊಂಡು, ದಟ್ಟ ಮಂಜಿನಲ್ಲಿ ಕಾಣೆಯಾಯಿತು. ಅದರಲ್ಲಿ ಇಬ್ಬರಿದ್ದರು. ಸೀ ಶೆಫರ್ಡ್ ಅಪಾಯದ ಕರೆ ಕಳಿಸಿತು. ಬೆನ್ನಟ್ಟಿಸಿಕೊಳ್ಳುತ್ತಿದ್ದ ನಿಶ್ಶಿನ್ ಮಾರು ಬೇಟೆ ನಿಲ್ಲಿಸಿ ಹುಡುಕಲು ಬಂತು. ಗಂಟೆಗಟ್ಟಲೆ ಹುಡುಕಿದ ಮೇಲೆ ಇಬ್ಬರೂ ಜೀವಂತ ಸಿಕ್ಕರು. ವಾಟ್ಸನ್ ಜಪಾನೀಯರಿಗೆ ಧನ್ಯವಾದ ಹೇಳಿದರು, ಆಮೇಲೆ ಬೆನ್ನಟ್ಟುವುದನ್ನು ಮುಂದುವರಿಸಿದರು. ವಾರ ಕಳೆಯುವುದರೊಳಗೆ ನಿಶ್ಶಿನ್ ಮಾರುವಿನ ಒಳಗೇ ಬೆಂಕಿ ಬಿತ್ತು. ಒಬ್ಬ ಯುವ ನಾವಿಕ ತೀರಿಕೊಂಡ. ಅದು ಕಾರ್ಯಕರ್ತರಿಂದ ಆದ ಬೆಂಕಿಯಲ್ಲ. ಎಂಜಿನ್ ಕೆಟ್ಟ ಹಡಗು ಪೆಂಗ್ವಿನ್‌ಗಳ ದೊಡ್ಡ ನೆಲೆಯಾದ ಕೇಪ್ ಅಡೇರಿನ ಹತ್ತಿರ ದಿನಗಟ್ಟಲೆ ತೇಲುತ್ತಿತ್ತು. ಎಳೆದುಕೊಂಡು ಹೋಗಲು ಗ್ರೀನ್‌ಪೀಸಿನ ಎಸ್ಪೆರಾಂಜಾ ಹಡಗು ಮುಂದೆ ಬಂತು. ಜಪಾನೀಯರು ಬೇಡವೆಂದರು. ಎಸ್ಪೆರಾಂಜಾ ಅಲ್ಲೇ ಹತ್ತಿರದಲ್ಲಿ ಉಳಿಯಿತು.

ಹಗಲೆಲ್ಲ ಒಬ್ಬರ ಮೇಲೊಬ್ಬರು ಆಮ್ಲವನ್ನೂ ನೀರನ್ನೂ ಎಸೆಯುತ್ತಿದ್ದವರು ಒಂದು ಕರೆ ಬಂದ ಕೂಡಲೇ ಒಟ್ಟಿಗೆ ಮಂಜಿನಲ್ಲಿ ಹುಡುಕಿದ್ದು ಹೇಗೆ? ಸಮುದ್ರದಲ್ಲಿ ಪ್ರಾಣಾಪಾಯದಲ್ಲಿರುವವರನ್ನು ಕಾಪಾಡಬೇಕು ಎಂಬ ನಿಯಮದಲ್ಲಿ ಎರಡು ಅರ್ಥವಿಲ್ಲ. ಯಾರು ಕಾಪಾಡಬೇಕು, ಯಾವಾಗ, ಯಾರನ್ನು ಎಂಬುದು ಪ್ರತಿಯೊಬ್ಬ ಕಪ್ತಾನನಿಗೂ ಗೊತ್ತು. ನಿಯಮ ನಿಚ್ಚಳವಾಗಿದ್ದಲ್ಲಿ ವೈರಿಗಳೂ ಅದನ್ನು ಪಾಲಿಸಿದರು, ಪೊಲೀಸರು ಒಬ್ಬರೂ ಇಲ್ಲದ ಭೂಮಿಯ ತುದಿಯಲ್ಲಿ. ನಿಯಮ ಮಸುಕಾಗಿದ್ದಲ್ಲಿ ಅದೇ ಜನ ಹಡಗಿಗೆ ಹಡಗು ಗುದ್ದಿದರು. ಈ ವ್ಯತ್ಯಾಸವನ್ನು ಆ ನಾವಿಕರ ಸ್ವಭಾವದಲ್ಲಿ ಹುಡುಕಬೇಕಾಗಿಲ್ಲ. ಅದು ನೀವು ಬರೆದ ಮತ್ತು ಬರೆಯದೆ ಬಿಟ್ಟ ನಿಯಮಗಳಲ್ಲಿದೆ.

ನಿಯಮವನ್ನು ನಿಚ್ಚಳ ಮಾಡುವ ಕೆಲಸವನ್ನು ಕಡೆಗೆ ಮಾಡಿದ್ದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ. 2010ರ ಮೇ 31ರಂದು ಆಸ್ಟ್ರೇಲಿಯಾ ಜಪಾನಿನ ಮೇಲೆ ದಾವೆ ಹೂಡಿತು. ನ್ಯೂಜಿಲೆಂಡ್ ಜೊತೆ ಸೇರಿತು. 2014ರ ಮಾರ್ಚ್ 31ರಂದು 12 ನ್ಯಾಯಾಧೀಶರು ಒಂದು ಕಡೆ, 4 ಮಂದಿ ಇನ್ನೊಂದು ಕಡೆ ನಿಂತು ತೀರ್ಪು ಬಂತು. ಬಹುಮತದಲ್ಲಿದ್ದ ಭಾರತದ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ತಮ್ಮ ಪ್ರತ್ಯೇಕ ಅಭಿಪ್ರಾಯವನ್ನೂ ಬರೆದರು. ಜಪಾನ್ ಮಾಡುತ್ತಿರುವ ಕೆಲಸದಲ್ಲಿ ವಿಜ್ಞಾನವೇ ಇಲ್ಲ ಎಂದು ನ್ಯಾಯಾಲಯ ಹೇಳಲಿಲ್ಲ. ಅದು ಕೇಳಿದ ಪ್ರಶ್ನೆ ಇನ್ನೂ ನೇರವಾದದ್ದು: ಹೇಳಿಕೊಂಡ ಉದ್ದೇಶಕ್ಕೂ ಕೊಲ್ಲುವ ಸಂಖ್ಯೆಗೂ ಹೊಂದಾಣಿಕೆ ಇದೆಯೇ? ಮಿಂಕೆ, ಫಿನ್, ಹಂಪ್‌ಬ್ಯಾಕ್ ಮೂರೂ ಜಾತಿಗಳ ನಡುವಿನ ಸ್ಪರ್ಧೆಯನ್ನು ಅಭ್ಯಾಸ ಮಾಡುತ್ತೇವೆ ಎಂದವರು ಏಳು ಋತುಗಳಲ್ಲಿ ಸುಮಾರು 3,600 ಮಿಂಕೆಗಳನ್ನೂ ಬರೀ 18 ಫಿನ್ ತಿಮಿಂಗಿಲಗಳನ್ನೂ ಹಿಡಿದಿದ್ದರು, ಹಂಪ್‌ಬ್ಯಾಕ್ ಒಂದನ್ನೂ ಹಿಡಿದಿರಲಿಲ್ಲ. ಅಷ್ಟಕ್ಕೆ ಪ್ರತಿಯಾಗಿ ತಜ್ಞರ ಪರಿಶೀಲನೆಗೆ ಒಳಪಟ್ಟು ಪ್ರಕಟವಾದ ಪ್ರಬಂಧಗಳು ಎರಡೇ. ಕೊಲ್ಲದೆ ಮಾಡಬಹುದಾದ ವಿಧಾನಗಳನ್ನು ಸರಿಯಾಗಿ ಪರಿಶೀಲಿಸಿಯೂ ಇರಲಿಲ್ಲ. ಈ ಪರವಾನಗಿಗಳು ವೈಜ್ಞಾನಿಕ ಸಂಶೋಧನೆಗಾಗಿ ಕೊಟ್ಟವಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಮುಂದಿನ ಬೇಸಗೆಯಲ್ಲಿ ಅಂಟಾರ್ಕ್ಟಿಕಾದಲ್ಲಿ ಒಂದು ಹಾರ್ಪೂನೂ ಹಾರಲಿಲ್ಲ. ಹತ್ತಾರು ವರ್ಷದ ಗುದ್ದಾಟ ಮಾಡಲಾಗದ್ದನ್ನು ಒಂದು ನಿಚ್ಚಳ ತೀರ್ಪು ಮಾಡಿತು.

ಕೊಲ್ಲದೆ ಕಲಿಯುವುದು ಬರೀ ಆಸೆಯ ಮಾತಲ್ಲ. ಬಾಬ್ ಬಾರ್ಕರ್ ಮತ್ತು ನಿಶ್ಶಿನ್ ಮಾರು ಗುದ್ದಾಡುತ್ತಿದ್ದ 2013ರ ಅದೇ ಬೇಸಗೆಯಲ್ಲಿ, ಅದೇ ಮಹಾಸಾಗರದಲ್ಲಿ, ಆಸ್ಟ್ರೇಲಿಯಾ ನೇತೃತ್ವದ ಇನ್ನೊಂದು ಹಡಗು ನೀಲಿ ತಿಮಿಂಗಿಲಗಳನ್ನು ಹುಡುಕುತ್ತಿತ್ತು. ನೀರಿಗೆ ಬಿಟ್ಟ ಶ್ರವಣ ಉಪಕರಣಗಳಲ್ಲಿ ಅವುಗಳ ಆಳದ ಕೂಗನ್ನು ಹಿಡಿದು, ಬಂದ ದಿಕ್ಕನ್ನು ಲೆಕ್ಕಹಾಕಿ, ನೂರಾರು ಕಿಲೋಮೀಟರ್ ದೂರದಿಂದಲೇ ಜಾಡು ಹಿಡಿದು ಹೋದರು. ಆ ಒಂದು ಯಾನದಲ್ಲಿ 57 ನೀಲಿ ತಿಮಿಂಗಿಲಗಳನ್ನು ಚಿತ್ರ ತೆಗೆದು ಗುರುತಿಸಿದರು, 23 ಚರ್ಮದ ಮಾದರಿ ತೆಗೆದರು, ಎರಡಕ್ಕೆ ಉಪಗ್ರಹ ಟ್ಯಾಗ್ ಹಾಕಿದರು. ಚರ್ಮದ ಚೂರಿನಿಂದ ತಿಮಿಂಗಿಲದ ಲಿಂಗ, ವಂಶ, ಆಹಾರದ ಸುಳಿವು ಸಿಗುತ್ತದೆ. ಕಿವಿಯ ಗುಗ್ಗೆಯಿಂದ ತಿಳಿಯುವ ವಯಸ್ಸು ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ ಎಂಬ ಜಪಾನೀ ವಿಜ್ಞಾನಿಗಳ ಮಾತಿನಲ್ಲಿ ಸತ್ಯವಿದೆ. ಆ ಒಂದು ಅಂಕಿಗಾಗಿ ವರ್ಷಕ್ಕೆ ನೂರಾರು ಪ್ರಾಣಿಗಳನ್ನು ಕೊಲ್ಲಬೇಕೇ ಎಂಬ ಪ್ರಶ್ನೆಯನ್ನು ಕೊಲ್ಲುವವರೇ ಕೇಳಿ, ಅವರೇ ಉತ್ತರ ಹೇಳಿಕೊಳ್ಳುವುದು ಸರಿಯಲ್ಲ.

ಜಪಾನಿನ ವಾದದ ಇನ್ನೊಂದು ಮುಖವನ್ನೂ ಪ್ರಾಮಾಣಿಕವಾಗಿ ಹೇಳಬೇಕು. 1946ರ ಒಪ್ಪಂದದ ಪೀಠಿಕೆ ತಿಮಿಂಗಿಲಗಳನ್ನು ಉಳಿಸುವುದರ ಜೊತೆಗೆ ಬೇಟೆ ಉದ್ಯಮವನ್ನು ಕ್ರಮವಾಗಿ ಬೆಳೆಸುವ ಮಾತನ್ನೂ ಆಡುತ್ತದೆ. ದಕ್ಷಿಣ ಗೋಳಾರ್ಧದ ಮಿಂಕೆಗಳು ಐದು ಲಕ್ಷಕ್ಕೂ ಹೆಚ್ಚಿವೆ ಎಂದು ನಿಮ್ಮ ವೈಜ್ಞಾನಿಕ ಸಮಿತಿಯೇ ಅಂದಾಜು ಮಾಡಿದೆ. ಬ್ರಿಟನ್, ನಾರ್ವೆ, ಅಮೆರಿಕ, ಸೋವಿಯತ್ ಒಕ್ಕೂಟ ಇವೆಲ್ಲ ತಿಮಿಂಗಿಲಗಳನ್ನು ಕೊಂದು ಎಣ್ಣೆ ಸುಟ್ಟವರೇ. ಹಾಗಿರುವಾಗ ಮಾಂಸ ತಿನ್ನುವ ನಮ್ಮನ್ನು ಮಾತ್ರ ಕ್ರೂರರೆಂದು ಜರೆಯುವುದೇಕೆ ಎಂಬ ಅಯುಕಾವಾ, ತೈಜಿಯಂಥ ಬೇಟೆಯ ಊರುಗಳ ಜನರ ನೋವು ನಿಜವಾದದ್ದು. ಈ ವಾದವನ್ನು ಜಪಾನ್ ನಿಮ್ಮ ಸಭೆಯಲ್ಲಿ ಬಹಿರಂಗವಾಗಿ ಮಂಡಿಸಿ, ಮತಕ್ಕೆ ಹಾಕಿ, ಗೆಲ್ಲಲಿ ಅಥವಾ ಸೋಲಲಿ. 2018ರಲ್ಲಿ ಬ್ರೆಜಿಲಿನ ಫ್ಲೋರಿಯಾನೊಪೊಲಿಸ್‌ನಲ್ಲಿ ಹಾಗೆ ಮಂಡಿಸಿ 41ಕ್ಕೆ 27ರಂತೆ ಸೋತಿತು. 2019ರ ಜೂನ್ 30ಕ್ಕೆ ಆಯೋಗ ಬಿಟ್ಟಿತು. ಜುಲೈ 1ರಂದು ಕುಶಿರೊ ಬಂದರಿನಿಂದ ತನ್ನದೇ ಕಡಲಿನಲ್ಲಿ ವಾಣಿಜ್ಯ ಬೇಟೆ ಶುರುಮಾಡಿತು. ಅದು ದುಃಖದ ಸಂಗತಿ. ಆದರೂ ಅಲ್ಲಿ ಒಂದು ನೇರತನವಿದೆ: ಮಾಂಸಕ್ಕಾಗಿ ಕೊಲ್ಲುವುದನ್ನು ಮಾಂಸಕ್ಕಾಗಿ ಎಂದೇ ಹೇಳಿತು. ಮೂವತ್ತು ವರ್ಷ ಅದನ್ನು ಸಂಶೋಧನೆ ಎಂದು ಕರೆಯಲು ಅವಕಾಶ ಮಾಡಿಕೊಟ್ಟದ್ದು ಎಂಟನೇ ವಿಧಿ.

ಆ ವಿಧಿಯನ್ನು ಬಳಸಿಕೊಂಡದ್ದು ಜಪಾನ್ ಒಂದೇ ಅಲ್ಲ. ಐಸ್‌ಲೆಂಡ್ 2003ರಿಂದ 2007ರ ನಡುವೆ ಸಂಶೋಧನೆಯ ಹೆಸರಿನಲ್ಲಿ 200 ಮಿಂಕೆಗಳನ್ನು ಕೊಂದಿತು. 2012ರಲ್ಲಿ ಪನಾಮಾದಲ್ಲಿ ನಡೆದ ನಿಮ್ಮದೇ ಸಭೆಯಲ್ಲಿ ದಕ್ಷಿಣ ಕೊರಿಯಾ ತಾನೂ ಸಂಶೋಧನಾ ಬೇಟೆ ಶುರುಮಾಡುವುದಾಗಿ ಪ್ರಕಟಿಸಿತು. ಜಗತ್ತು ತಿರುಗಿಬಿದ್ದ ಮೇಲೆ ಹಿಂದೆ ಸರಿಯಿತು. ಅಂದು ಅದನ್ನು ತಡೆದದ್ದು ಜನರ ಆಕ್ಷೇಪ. ನಿಮ್ಮ ಒಪ್ಪಂದದಲ್ಲಿ ತಡೆಯುವ ಶಕ್ತಿ ಇರಲಿಲ್ಲ.

ಹೇಗ್ ತೀರ್ಪಿನ ಮಾನದಂಡಗಳನ್ನು ಆಯೋಗ ಒಪ್ಪಿಕೊಂಡಿದೆ ಎಂದು ನೀವು ಹೇಳಬಹುದು. 2014ರಲ್ಲಿ ಸ್ಲೊವೇನಿಯಾದ ಪೋರ್ಟರೋಜ್‌ನಲ್ಲಿ ನೀವು ಅಂಥ ನಿರ್ಣಯ ಮಾಡಿದ್ದು ನಿಜ. ಅದು ಶಿಫಾರಸು ಮಾತ್ರ. ಅದಾದ ಕೆಲವೇ ತಿಂಗಳಲ್ಲಿ ಜಪಾನ್ ಹೊಸ ಯೋಜನೆ ತಂದಿತು. ಕೊಲ್ಲುವ ಅಗತ್ಯ ಸಾಬೀತಾಗಿಲ್ಲ ಎಂದು ನಿಮ್ಮ ತಜ್ಞರ ಸಮಿತಿ ಹೇಳಿತು. ಸಮುದ್ರ ಜೀವಿಗಳ ವಿಚಾರದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ವ್ಯಾಪ್ತಿಯನ್ನು ಇನ್ನು ಒಪ್ಪುವುದಿಲ್ಲ ಎಂದು ಜಪಾನ್ ಘೋಷಿಸಿ, 2015ರ ಡಿಸೆಂಬರಿನಲ್ಲಿ ಹಡಗುಗಳನ್ನು ಮತ್ತೆ ದಕ್ಷಿಣಕ್ಕೆ ಕಳಿಸಿತು. ಆ ಋತುವಿನಲ್ಲಿ 333 ಮಿಂಕೆಗಳು ಸತ್ತವು. ಅವುಗಳಲ್ಲಿ ಬಸುರಿದ್ದವೇ ಇನ್ನೂರಕ್ಕೂ ಹೆಚ್ಚು. ಶಿಫಾರಸಿನ ಬಲ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕನ್ನಡ ನಾಡಿನಿಂದ ಈ ಪತ್ರ ಬರೆಯಲು ಕಾರಣವಿದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಎದುರಿನ ಅರಬ್ಬೀ ಸಮುದ್ರ, 1979ರಲ್ಲಿ ನೀವೇ ಘೋಷಿಸಿದ ಹಿಂದೂ ಮಹಾಸಾಗರ ತಿಮಿಂಗಿಲ ಅಭಯಧಾಮದ ಒಳಗಿದೆ. ಈ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇರೆ ಕಡೆಯವುಗಳ ಹಾಗೆ ಧ್ರುವದತ್ತ ವಲಸೆ ಹೋಗುವುದಿಲ್ಲ. ವರ್ಷವಿಡೀ ಇಲ್ಲೇ ಇರುತ್ತವೆ. 1960ರ ದಶಕದ ನಡುವಿನಲ್ಲಿ ಸೋವಿಯತ್ ಬೇಟೆ ಪಡೆಗಳು ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಎದುರಿನ ನೀರಿನಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದು, ನಿಮ್ಮ ಆಯೋಗಕ್ಕೆ ಸುಳ್ಳು ಲೆಕ್ಕ ಕೊಟ್ಟವು. ನಿಜ ಹೊರಬಿದ್ದದ್ದು 1990ರ ದಶಕದಲ್ಲಿ. ಒಮಾನಿನ ಎದುರು ಈಗ ಉಳಿದಿರುವವು ನೂರಕ್ಕೂ ಕಡಿಮೆ ಎಂದು ವಿಜ್ಞಾನಿಗಳ ಅಂದಾಜು. ಬೇಟೆಗಾರರೇ ಬರೆದುಕೊಂಡ ಲೆಕ್ಕವನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಅರಬ್ಬೀ ಸಮುದ್ರ ಒಮ್ಮೆ ಕಂಡಿದೆ.

ಹೊಸ ಹಡಗುಗಳೂ ಬರುತ್ತಿವೆ. 2024ರ ಮೇ ತಿಂಗಳಲ್ಲಿ ಶಿಮೊನೊಸೆಕಿಯಿಂದ ಹೊರಟ ಕಾಂಗೇ ಮಾರು ನಿಶ್ಶಿನ್ ಮಾರುವಿನ ಜಾಗಕ್ಕೆ ಬಂದದ್ದು. ಸುಮಾರು 113 ಮೀಟರ್ ಉದ್ದ, ಒಮ್ಮೆ ಇಂಧನ ತುಂಬಿದರೆ 13,000 ಕಿಲೋಮೀಟರ್ ಓಡಬಲ್ಲದು. ಅದನ್ನು ಅಡ್ಡಗಟ್ಟಲು ಹೊರಟ ಪಾಲ್ ವಾಟ್ಸನ್ ಅವರನ್ನು 2024ರ ಜುಲೈ 21ರಂದು ಗ್ರೀನ್‌ಲೆಂಡಿನ ನೂಕ್ ಬಂದರಿನಲ್ಲಿ ಬಂಧಿಸಿದರು. ಜಪಾನಿಗೆ ಒಪ್ಪಿಸಬೇಕೆಂಬ ಕೋರಿಕೆಯನ್ನು ಡೆನ್ಮಾರ್ಕ್ ಸರ್ಕಾರ ತಿರಸ್ಕರಿಸಿ, ಡಿಸೆಂಬರ್ 17ರಂದು ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವರು ಐದು ತಿಂಗಳು ಸೆರೆಯಲ್ಲಿ ಕಳೆದಿದ್ದರು. ಅವರ ಮೇಲಿದ್ದ ಆರೋಪ 2010ರ ಆಡಿ ಗಿಲ್ ಕಾಲದ್ದು. ಹದಿನಾಲ್ಕು ವರ್ಷದ ಹಿಂದಿನ ಗುದ್ದಾಟದ ಲೆಕ್ಕ ಅಂದಿಗೂ ಚುಕ್ತಾ ಆಗಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ವಿನಂತಿ ಇಷ್ಟು.

ಎಂಟನೇ ವಿಧಿಯಡಿ ಯಾವ ದೇಶವೂ ತಾನೇ ಪರವಾನಗಿ ಕೊಟ್ಟುಕೊಳ್ಳುವಂತಿರಬಾರದು. ಕೊಲ್ಲುವ ಸಂಶೋಧನೆಯ ಯೋಜನೆ ಮೊದಲು ಸ್ವತಂತ್ರ ವಿಜ್ಞಾನಿಗಳ ಪರಿಶೀಲನೆಗೆ ಬರಲಿ. ಕೊಲ್ಲದೆ ಉತ್ತರ ಸಿಗುವುದಿಲ್ಲ ಎಂದು ತೋರಿಸುವ ಹೊಣೆ ಪರವಾನಗಿ ಕೇಳುವವರದಾಗಲಿ. ಆಯೋಗ ಒಪ್ಪುವವರೆಗೆ ಹಡಗು ಹೊರಡದಿರಲಿ. ಮಾಂಸ ಮಾರಿ ಬರುವ ಹಣ ಸಂಶೋಧನೆ ನಡೆಸುವ ಸಂಸ್ಥೆಗೆ ಸೇರದಿರಲಿ. ಸಂಖ್ಯೆ ಹೆಚ್ಚಿಸುವ ಆಸೆ ಹುಟ್ಟುವುದೇ ಅಲ್ಲಿಂದ. ಪ್ರತಿ ಹಡಗಿನ ಮೇಲೂ ಬೇರೆ ದೇಶದ ವೀಕ್ಷಕರಿರಲಿ. 1972ರಲ್ಲಿ ವೀಕ್ಷಕರ ವ್ಯವಸ್ಥೆ ಬಂದ ಮೇಲೆಯೇ ಸೋವಿಯತ್ ಕಳ್ಳಬೇಟೆ ತಗ್ಗಿತು ಎಂಬುದು ನಿಮ್ಮದೇ ದಾಖಲೆಗಳಲ್ಲಿದೆ. ಜನರಿಗೆ ಅಧಿಕೃತ ಸಾಕ್ಷಿ ಸಿಗುವಂತಾದರೆ, ಸಾಕ್ಷಿಗಾಗಿ ಯಾರೂ ಹಾರ್ಪೂನಿನ ಮುಂದೆ ರಬ್ಬರ್ ದೋಣಿ ಇಳಿಸಬೇಕಾಗಿಲ್ಲ.

ಒಪ್ಪಂದವನ್ನೇ ತಿದ್ದುವುದು ಕಷ್ಟ ಎನ್ನುತ್ತೀರಿ. ಕಷ್ಟವೇ. ವಾಣಿಜ್ಯ ಬೇಟೆಗೆ ಅವಕಾಶ ಕೊಟ್ಟಿರುವ ನಾರ್ವೆ ಮತ್ತು ಐಸ್‌ಲೆಂಡ್ ಈಗಲೂ ನಿಮ್ಮ ಜೊತೆ ಕೂರುತ್ತವೆ, ಅವುಗಳನ್ನೂ ಒಪ್ಪಿಸಬೇಕು. ಆದರೆ ಈ ಕೆಲಸ ಒಮ್ಮೆ ಆಗಿದೆ. 1956ರಲ್ಲಿ ಸಹಿಯಾದ ಪೂರಕ ಒಪ್ಪಂದದಲ್ಲಿ ಹೆಲಿಕಾಪ್ಟರುಗಳನ್ನೂ ತಪಾಸಣೆಯ ವಿಧಾನಗಳನ್ನೂ ಸೇರಿಸಿ 1946ರ ಪಠ್ಯವನ್ನು ತಿದ್ದಲಾಯಿತು, ಎಲ್ಲ ಸದಸ್ಯರ ಸಮ್ಮತಿಯಿಂದಲೇ. ವಿಶೇಷ ಪರವಾನಗಿಯನ್ನು ಅತಿ ಹೆಚ್ಚು ಬಳಸಿದ ದೇಶ ಹೊರಗಿರುವ ಮತ್ತು ಯಾವ ಸದಸ್ಯನ ಹಡಗೂ ಅದರ ಹೆಸರಿನಲ್ಲಿ ದಕ್ಷಿಣಕ್ಕೆ ಹೊರಡದಿರುವ ಈ ಹೊತ್ತಿಗಿಂತ ಅನುಕೂಲವಾದ ಸಮಯ ನಿಮಗೆ ಸಿಗುವುದಿಲ್ಲ.

1981ರಿಂದ ನಿಮ್ಮ ನಡುವೆ ಇರುವ ಭಾರತದ ಪ್ರತಿನಿಧಿಗಳಿಗೆ ಇನ್ನೊಂದು ಮಾತು. ವನ್ಯಜೀವಿ ಕಾಯಿದೆಯಲ್ಲಿ ತಿಮಿಂಗಿಲಗಳಿಗೆ ಹುಲಿಯಷ್ಟೇ ರಕ್ಷಣೆ ಕೊಟ್ಟಿರುವ ದೇಶ ನಮ್ಮದು. ಬೇಟೆಯ ಉದ್ಯಮವನ್ನು ಕಾಯಬೇಕಾದ ಹಂಗು ನಮಗಿಲ್ಲ, ಜಪಾನಿನೊಂದಿಗೆ ಒಳ್ಳೆಯ ಸ್ನೇಹವೂ ಇದೆ. ಎರಡೂ ಕಡೆಯವರೊಡನೆ ಮಾತಾಡಬಲ್ಲ ಸ್ಥಾನ ನಿಮ್ಮದು. ಈ ತಿದ್ದುಪಡಿಯ ಕರಡನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಭಾರತವೇ ಸೇರಿಸಲಿ, ಅದಕ್ಕೆ ಬೇಕಾದ ಬೆಂಬಲವನ್ನು ಈಗಿನಿಂದಲೇ ಕೇಳಲಿ. ಉಳಿದ ಪ್ರತಿನಿಧಿಗಳು ಆ ಕರಡಿಗೆ ಸಹಿ ಹಾಕಿ, ತಮ್ಮ ಸರ್ಕಾರಗಳ ಒಪ್ಪಿಗೆ ತಂದುಕೊಡಬೇಕೆಂದು ಕೋರುತ್ತೇನೆ.

ಇಂತಿ,
ಅರಬ್ಬೀ ಕಡಲಿನ ಕನ್ನಡ ಕರಾವಳಿಯ ಒಬ್ಬ ಬರಹಗಾರ